ಅಜ್ಜನ ಮಗ್ಗದ ಹಾಡು ಎಂಟು ಮಾತ್ರೆಯ ತಾಳಕ್ಕೆ ಕೂತಾಗ ಏನೋ ತಪ್ಪುತ್ತಿದೆ. ಏನೆಂದು ದೊಡ್ಡ ಕಲಾವಿದರಿಗೆ ಹೇಗೆ ಹೇಳಲಿ?

ಬೆಟಗೇರಿ ಹುಡುಗಿ:

ಎಲ್ಲರಿಗೂ ನಮಸ್ಕಾರ. ನನಗೆ 17 ವರ್ಷ. ಗದಗ-ಬೆಟಗೇರಿಯವಳು, ಪಿಯುಸಿ ಎರಡನೇ ವರ್ಷ ಓದುತ್ತಿದ್ದೇನೆ. ಸಂಗೀತವನ್ನು ಕ್ರಮವಾಗಿ ಕಲಿತಿಲ್ಲ. ಚಿಕ್ಕವಳಿದ್ದಾಗ ನಮ್ಮ ಓಣಿಯ ಒಬ್ಬ ಅಕ್ಕನ ಬಳಿ ಎರಡು ವರ್ಷ ಸರಿಗಮ ಹೇಳಿದ್ದೆ, ಅಷ್ಟೇ. ಆದರೆ ಎಂಟನೇ ತರಗತಿಯಿಂದ ಹಾಡು ಬರೆಯುತ್ತಿದ್ದೇನೆ. ಈಗ 23 ಆಗಿವೆ. ಬೇರೆಯವರ ಎದುರು ಹಾಡಬಹುದು ಎನ್ನಿಸುವುದು ಅವುಗಳಲ್ಲಿ ಮೂರೇ.

ಹಾಡು ನನಗೆ ಹೇಗೆ ಬರುತ್ತದೆ ಎಂದು ಮೊದಲು ಹೇಳುತ್ತೇನೆ, ತೊಂದರೆ ಅಲ್ಲಿಂದಲೇ ಶುರುವಾಗಿರಬೇಕು. ನನಗೆ ಮಾತು ಮತ್ತು ಧಾಟಿ ಒಟ್ಟಿಗೇ ಬರುತ್ತವೆ. ಮೊದಲು ಬರೆದು ಆಮೇಲೆ ರಾಗ ಹಾಕಲು ಹೋದರೆ ಎರಡೂ ಕೆಡುತ್ತವೆ. ಒಂದು ಸಾಲು ಬಂದರೆ ಮೊಬೈಲ್‌ನಲ್ಲಿ ಗುನುಗಿಟ್ಟು, ಭೌತಶಾಸ್ತ್ರದ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಳ್ಳುತ್ತೇನೆ. ಆ ರಾತ್ರಿ ಮತ್ತೆ ಅದನ್ನು ಕೇಳುವುದಿಲ್ಲ. ಬೆಳಿಗ್ಗೆ ಪಾತ್ರೆ ತೊಳೆಯುವಾಗ ತಾನಾಗಿ ಬಾಯಿಗೆ ಬಂದರೆ ಇಟ್ಟುಕೊಳ್ಳುತ್ತೇನೆ, ಬರದಿದ್ದರೆ ಬಿಟ್ಟುಬಿಡುತ್ತೇನೆ. ಹಾಗೆ ಬಿಟ್ಟ ಸಾಲುಗಳೇ ಹೆಚ್ಚು.

ಈಗ ಕೇಳುತ್ತಿರುವ ಹಾಡು ಅಜ್ಜನ ಮಗ್ಗದ್ದು. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ, ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂರುವ ಮಗ್ಗ ಇದೆ. ಅಜ್ಜನಿಗೆ ಎಡ ಮೊಣಕಾಲು ನೋವು. ಆದರೂ ಬೆಳಿಗ್ಗೆ ಹತ್ತರವರೆಗೆ ನೇಯುತ್ತಾನೆ. ನಾನು ಆ ಸದ್ದಿನಲ್ಲೇ ಓದುತ್ತೇನೆ. ಕಳೆದ ಬೇಸಿಗೆಯಲ್ಲಿ ಒಂದು ದಿನ ಲೆಕ್ಕ ಬಿಡಿಸುತ್ತಿರುವಾಗ ಹಾಡು ಬಂತು:

ಅಜ್ಜ ಹೂಡಿದ ಮಗ್ಗದೊಳಗಡೆ
ಲಾಳಿ ಓಡಿತು ಊರ ಕಾಣಲು
ಹೋದ ದೂರವೆ ಬಂದ ದೂರವು
ಒಂದು ಗೇಣಿನ ಸೀರೆ ಸಾಕ್ಷಿಗೆ

ಚರಣ ಹೀಗಿದೆ:

ನೂಲು ಕಡಿದರೆ ಗಂಟು ಹಾಕುವೆವು
ಮಾತು ಕಡಿದರೆ ಏನು ಮಾಡಲಿ

ಹುಬ್ಬಳ್ಳಿಯಲ್ಲಿ ಒಂದು ಕಾರ್ಯಕ್ರಮದಲ್ಲಿ ನನ್ನ ಎರಡು ಹಾಡು ಹಾಡಲು ಕರೆದಿದ್ದಾರೆ. ಹಾರ್ಮೋನಿಯಂ, ತಬಲಾ, ಕೊಳಲು, ಕೀಬೋರ್ಡ್, ನಾಲ್ವರೂ ಎಷ್ಟೋ ವರ್ಷಗಳಿಂದ ವೇದಿಕೆಯಲ್ಲಿ ನುಡಿಸಿ ಹೊಟ್ಟೆ ಹೊರೆಯುವವರು. ಕಳೆದ ಭಾನುವಾರ ಮೊದಲ ತಾಲೀಮು ಆಯಿತು. ನಾನು ಕೂರುವ ಮೊದಲೇ “ಶ್ರುತಿ ಯಾವುದು?” ಎಂದರು, ಅಂದರೆ ಯಾವ ಸ್ವರವನ್ನು ಸ ಎಂದು ಹಿಡಿದು ಹಾಡುತ್ತೀಯ ಎಂದು. ಗೊತ್ತಿರಲಿಲ್ಲ. “ತಾಳ ಯಾವುದು, ಸಮ್ ಎಲ್ಲಿ ಬರುತ್ತದೆ?” ಎಂದರು. ಸಮ್ ಎಂದರೆ ತಾಳದ ಸುತ್ತಿನ ಮೊದಲ ಮಾತ್ರೆಯಂತೆ. ಸುಮ್ಮನೆ ಕೂತೆ. ಹಾರ್ಮೋನಿಯಂ ಗುರುಗಳು ನನ್ನ ಗುನುಗು ಕೇಳಿ “ಬಿಳಿ ಐದರಲ್ಲಿದ್ದೀಯ, ಹೆಣ್ಣು ದನಿಗೆ ಕಪ್ಪು ಐದು ಇರಲಿ” ಎಂದು ಹಾರ್ಮೋನಿಯಂನ ಐದನೇ ಬಿಳಿ ಮನೆಯಿಂದ ಐದನೇ ಕಪ್ಪು ಮನೆಗೆ ಏರಿಸಿದರು. ಚರಣದ ಮೇಲಿನ ಸ್ವರಗಳಲ್ಲಿ ದನಿ ಒಡೆಯಿತು. ಧಾಟಿಯಲ್ಲಿ ಭೀಮಪಲಾಸಿ ರಾಗದ ನೆರಳಿದೆ, ಏರುವಾಗ ರಿಷಭ, ಅಂದರೆ ರಿ ಸ್ವರ, ಹಚ್ಚಬಾರದು ಎಂದೂ ಹೇಳಿದರು. ತಬಲಾ ಕಾಕಾ “ಕೆಹರವಾದಲ್ಲಿ ಚೆನ್ನಾಗಿ ಕೂರುತ್ತದೆ” ಎಂದು ಆ ಎಂಟು ಮಾತ್ರೆಯ ತಾಳಕ್ಕೆ ಹಿಡಿದರು. ಯಾರೂ ಗದರಲಿಲ್ಲ. ಗಿರಮಿಟ್ಟು ತರಿಸಿಕೊಟ್ಟರು, ಬಸ್ ನಿಲ್ದಾಣದವರೆಗೆ ಬಿಟ್ಟು ಬಂದರು.

ನಾಲ್ಕೂ ವಾದ್ಯ ಸೇರಿದಾಗ ಕೋಣೆ ತುಂಬಿತು. ಕೇಳಲು ಚೆನ್ನಾಗಿತ್ತು. ಆದರೆ ಅದು ನನ್ನ ಹಾಡಾಗಿರಲಿಲ್ಲ. ಈಗ ಅದನ್ನು “ಅಜ್ಜಾ ಹೂಡಿದ ಮಗ್ಗಾದೊಳಗಡೆ, ಲಾಳೀ ಓಡಿತು ಊರಾ ಕಾಣಲು” ಎಂದು ಹಾಡಬೇಕಾಗಿದೆ. ಎಲ್ಲಿ ತಪ್ಪುತ್ತಿದೆ ಎಂದು ಕೇಳಿದರೆ ಹೇಳಲು ನನ್ನ ಬಳಿ ಮಾತಿಲ್ಲ. “ಗಂಟು ಹಾಕುವೆವು” ಎಂಬಲ್ಲಿ ಮಾತ್ರ ಮನೆಯಲ್ಲಿ ಹಾಡುವಾಗಲೂ ಎಡವುತ್ತೇನೆ, ಅದು ನನ್ನದೇ ದೋಷ. ಮರಳುವಾಗ ಬಸ್ಸು ಅಣ್ಣಿಗೇರಿ ದಾಟುವವರೆಗೂ ಅತ್ತೆ. ಎರಡನೇ ತಾಲೀಮಿಗೆ ಹತ್ತು ದಿನ ಇದೆ. ಅವರ ಅನುಭವದ ಎದುರು ನಿಂತು ಬೇಡ ಎನ್ನುವ ಧೈರ್ಯ ನನಗಿಲ್ಲ, ಹೀಗೆಯೇ ಹಾಡಲು ಮನಸ್ಸೂ ಇಲ್ಲ.

ಇನ್ನೊಂದು ಮಾತು. ಆಮಂತ್ರಣ ಪತ್ರಿಕೆಯ ಕರಡಿನಲ್ಲಿ ನನ್ನ ಹೆಸರು “ಗಾಯನ” ಎಂಬಲ್ಲಿ ಮಾತ್ರ ಇದೆ. ಸಾಹಿತ್ಯ, ಸಂಯೋಜನೆ ಎಂಬಲ್ಲಿ ಯಾರ ಹೆಸರೂ ಇಲ್ಲ. ಕೇಳಿದರೆ ದೊಡ್ಡಸ್ತಿಕೆ ಎನ್ನಿಸಿಕೊಳ್ಳುತ್ತದೆಯೇ?

ತಬಲಾ, ಹಳೇ ಹುಬ್ಬಳ್ಳಿ:

ತಂಗಿ, ನಿನ್ನ ತಾಲೀಮಿನಲ್ಲಿ ಇದ್ದವನು ನಾನಲ್ಲ, ಆದರೆ 31 ವರ್ಷದಿಂದ ಗಾಯಕರಿಗೆ ತಬಲಾ ಸಾಥ್ ಮಾಡುತ್ತಿದ್ದೇನೆ. ನಿನ್ನ ಪತ್ರವನ್ನು ಎರಡು ಸಲ ಓದಿದೆ.

ಶ್ರುತಿ ಯಾವುದು ಎಂದು ಕೇಳಿದ್ದು ನಿನ್ನನ್ನು ಪರೀಕ್ಷೆ ಮಾಡಲು ಅಲ್ಲ. ನನ್ನ ಬಲಗೈ ತಬಲಾವನ್ನು ಗಾಯಕರ ಷಡ್ಜಕ್ಕೆ, ಅಂದರೆ ಸ ಸ್ವರಕ್ಕೆ, ಸುತ್ತಿಗೆಯಿಂದ ಬಡಿದು ಕೂಡಿಸಬೇಕು. ಒಂದೇ ತಬಲಾ ಎಲ್ಲ ಶ್ರುತಿಗೂ ಕೂಡುವುದಿಲ್ಲ. ಬಾಯಿ ದೊಡ್ಡದಿದ್ದರೆ ಕೆಳಗಿನ ಶ್ರುತಿ, ಚಿಕ್ಕದಿದ್ದರೆ ಮೇಲಿನದು. ಹಿಂದಿನ ದಿನವೇ ತಿಳಿದರೆ ಸರಿಯಾದುದನ್ನು ಚೀಲಕ್ಕೆ ಹಾಕಿಕೊಂಡು ಬರುತ್ತೇನೆ. ಕೊಳಲಿನವರ ಕಷ್ಟ ಇನ್ನೂ ಹೆಚ್ಚು. ಅವರ ಒಂದೊಂದು ಕೊಳಲಿಗೂ ಒಂದೊಂದು ಶ್ರುತಿ, ಅದಕ್ಕೇ ಅಷ್ಟು ಉದ್ದದ ಚೀಲ. ಅವರಿಗೆ ಬೇಕಾದ ಮಾತು ಅದೊಂದೇ, ನೀನು ಹೆದರಿದ್ದೂ ಅದಕ್ಕೇ.

ಬಿಳಿ ಐದರಿಂದ ಕಪ್ಪು ಐದಕ್ಕೆ ಮೂರು ಮನೆ ಮೇಲೆ. ಹಾಡಿನ ಅತಿ ಕೆಳಗಿನ ಸ್ವರ ಮತ್ತು ಅತಿ ಮೇಲಿನ ಸ್ವರ ಎರಡೂ ಸಲೀಸಾಗಿ ಬರುವ ಜಾಗವೇ ನಿನ್ನ ಶ್ರುತಿ. ಹೆಣ್ಣು ದನಿಗೆ ಇಷ್ಟೇ ಎಂಬ ಕಟ್ಟಳೆ ಇಲ್ಲ. ಮೊಬೈಲ್‌ನಲ್ಲಿ ತಂಬೂರಿ ಹಚ್ಚಿಕೊಂಡು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಪೂರ್ತಿ ಹಾಡಿ ನೋಡು. ಗುನುಗುವಾಗ ಸಿಗುವ ಶ್ರುತಿ ತೆರೆದ ದನಿಯಲ್ಲಿ ಹಾಡುವಾಗ ಹಾಗೆಯೇ ಉಳಿಯುವುದಿಲ್ಲ, ಆದ್ದರಿಂದ ತೆರೆದ ದನಿಯಲ್ಲೇ ನೋಡಬೇಕು. ಕೊನೆಗೆ ಬಿಳಿ ಐದೇ ನಿಂತರೆ ಬಿಳಿ ಐದು ಎಂದು ಹೇಳು. ದನಿ ತಗ್ಗು ಎಂದು ನಾಚಬೇಡ. ಗಂಗೂಬಾಯಿ ಹಾನಗಲ್ ಅವರಿಗೆ ಮೊದಲು ತೆಳುವಾದ ದನಿಯಿತ್ತು. ಗಂಟಲಿನ ಚಿಕಿತ್ಸೆಯ ನಂತರ ಅದು ಗಡುಸಾಯಿತು. ಆ ಗಡುಸು ದನಿಯಲ್ಲೇ ಅವರು ಹಾಡಿದ್ದು, ನಮ್ಮ ಹುಬ್ಬಳ್ಳಿ ಎದೆಯುಬ್ಬಿಸಿ ಕೇಳಿದ್ದು.

ರಿಷಭದ ವಿಷಯ. ಶಾಸ್ತ್ರೀಯವಾಗಿ ಖಯಾಲ್ ಹಾಡುವಾಗ ಗುರುಗಳ ಮಾತು ನೂರಕ್ಕೆ ನೂರು ಸರಿ, ಭೀಮಪಲಾಸಿಯ ಆರೋಹದಲ್ಲಿ ರಿಷಭವೂ ಇಲ್ಲ, ಧೈವತವೂ ಇಲ್ಲ. ಹಾಡಿಗೆ ಆ ಬಿಗಿ ಬೇಕಿಲ್ಲ. ಆದರೆ ಒಂದನ್ನು ನೋಡಿಕೋ. ಆ ರಿಷಭ ಪ್ರತಿ ಸಲವೂ ಅದೇ ಶಬ್ದದ ಮೇಲೆ ಬರುತ್ತದೆಯೇ? ಬರುತ್ತಿದ್ದರೆ ಅದು ನಿನ್ನ ಸಂಯೋಜನೆ, ಗಟ್ಟಿಯಾಗಿ ಹಿಡಿದುಕೋ. ಒಮ್ಮೆ ಬಂದು ಒಮ್ಮೆ ಬಿಟ್ಟರೆ ಅದು ಜಾರಿದ ಸ್ವರ, ಅವರು ತಿದ್ದುವುದೇ ನ್ಯಾಯ.

ಇನ್ನು ತಾಳ. ಭಜನೆ, ಭಾವಗೀತೆ ಎಂದ ಕೂಡಲೇ ನಮ್ಮ ಕೈ ಕೆಹರವಾಕ್ಕೋ ದಾದ್ರಾಕ್ಕೋ ತಾನಾಗಿ ಹೋಗುತ್ತದೆ. ಕೆಟ್ಟ ಮನಸ್ಸಲ್ಲ, ರೂಢಿ. ಅಳುಕುತ್ತಾ ಹಾಡುವ ಮಕ್ಕಳು ಬಂದಾಗ ಬೀಳದಿರಲಿ ಎಂದು ನಾವು ಬೇಗನೆ ನೆಲ ಹಾಸಿಕೊಡುತ್ತೇವೆ. ನಾನೂ ಹಾಗೆ ಎಷ್ಟೋ ಮಕ್ಕಳಿಗೆ ಮಾಡಿದ್ದೇನೆ. ನಿನ್ನ ಪತ್ರ ಓದಿದ ಮೇಲೆ ಅವರಲ್ಲಿ ಯಾರ ಹಾಡು ಏನಾಯಿತೋ ಎಂದು ಯೋಚನೆ ಹತ್ತಿದೆ. ಮುಂದಿನ ತಾಲೀಮಿನಲ್ಲಿ ಹೀಗೆ ಕೇಳು: “ಕಾಕಾ, ಮೊದಲು ಎರಡು ಸಲ ನಾನೊಬ್ಬಳೇ ಚಪ್ಪಾಳೆ ಹಾಕಿಕೊಂಡು ಹಾಡುತ್ತೇನೆ, ಕೇಳಿರಿ.” ಹಾಗೆ ಕೇಳುವ ಮಕ್ಕಳ ಮೇಲೆ ನಮಗೆ ಸಿಟ್ಟು ಬರುವುದಿಲ್ಲ.

ನಿವೃತ್ತ ಕನ್ನಡ ಮಾಸ್ತರ, ಗದಗ:

ಮಗಳೇ, ಎಲ್ಲಿ ತಪ್ಪುತ್ತಿದೆ ಎಂದು ಹೇಳಲು ಮಾತಿಲ್ಲ ಎಂದು ಬರೆದಿದ್ದೀಯ. ಆ ಮಾತು ನಿನಗೆ ಹತ್ತನೇ ತರಗತಿಯಲ್ಲೇ ಸಿಕ್ಕಿದೆ. ಎರಡು ಅಂಕದ ಪ್ರಶ್ನೆಗೆಂದು ಲಘು ಗುರು ಗುರುತಿಸಿ ಪ್ರಸ್ತಾರ ಹಾಕಿದ್ದೆಯಲ್ಲ, ಅದನ್ನೇ ನಿನ್ನ ಸಾಲಿಗೆ ಹಾಕು. ಲಘು ಎಂಬ ಹ್ರಸ್ವ ಅಕ್ಷರಕ್ಕೆ ಒಂದು ಮಾತ್ರೆ, ಗುರು ಎಂಬ ದೀರ್ಘಕ್ಕೆ ಎರಡು, ಒತ್ತಕ್ಷರದ ಹಿಂದಿನ ಅಕ್ಷರವೂ ಗುರು.

“ಅಜ್ಜ” ಮೂರು. “ಹೂಡಿದ” ನಾಲ್ಕು. “ಮಗ್ಗ” ಮೂರು. “ದೊಳಗಡೆ” ನಾಲ್ಕು.
“ಲಾಳಿ” ಮೂರು. “ಓಡಿತು” ನಾಲ್ಕು. “ಊರ” ಮೂರು. “ಕಾಣಲು” ನಾಲ್ಕು.

ಪಲ್ಲವಿಯ ಉಳಿದ ಸಾಲುಗಳನ್ನೂ ಹಾಕಿ ನೋಡಿದೆ. ಮೂರು, ನಾಲ್ಕು, ಮೂರು, ನಾಲ್ಕು. ಒಂದಕ್ಷರವೂ ಹೆಚ್ಚುಕಡಿಮೆ ಇಲ್ಲ. ಎಣಿಸದೆಯೇ ಬರೆದೆಯಲ್ಲ, ನನಗೆ ಕಣ್ಣು ತೇವವಾಯಿತು. ಈ ನಡಿಗೆ ನಿನ್ನ ಊರಿನದು. ಕುಮಾರವ್ಯಾಸ ಭಾರತದ ಕಥೆಯನ್ನು ಹೇಳಿದ ಭಾಮಿನಿ ಷಟ್ಪದಿ ನಡೆಯುವುದು ಇದೇ ಮೂರು-ನಾಲ್ಕರ ಹೆಜ್ಜೆಯಲ್ಲಿ. ವೀರನಾರಾಯಣನ ಗುಡಿಯಲ್ಲಿ ಅವನು ಕುಳಿತು ಬರೆದ ಕಂಬ ಎಂದು ಹಿರಿಯರು ತೋರಿಸುತ್ತಾರಲ್ಲ, ಅದು ಬೆಟಗೇರಿಯಿಂದ ಎಷ್ಟು ದೂರ? ನಿನ್ನದು ಷಟ್ಪದಿಯಲ್ಲ. ಆರು ಸಾಲಿಲ್ಲ, ಪ್ರಾಸವಿಲ್ಲ, ಮೂರನೆಯ ಸಾಲು ಉದ್ದವಾಗಿ ಹೋಗಿ ಗುರುವಿನ ಮೇಲೆ ನಿಲ್ಲುವುದೂ ಇಲ್ಲ. ಆದರೆ ಹೆಜ್ಜೆ ಅದೇ.

ಎಂಟು ಮಾತ್ರೆಗೆ ಕೂರಿಸಿದಾಗ ಆದದ್ದು ಇಷ್ಟು. ಮೂರರ ಪ್ರತಿ ಶಬ್ದವನ್ನೂ ನಾಲ್ಕಕ್ಕೆ ಎಳೆಯಬೇಕಾಯಿತು. ಎಳೆಯಲು ಸಿಕ್ಕಿದ್ದು ಕೊನೆಯ ಸ್ವರ. “ಅಜ್ಜ ಹೂಡಿದ ಮಗ್ಗ” ಎಂದರೆ ಅಜ್ಜ ಹೂಡಿದ್ದು. “ಅಜ್ಜಾ” ಎಂದರೆ ನೀನು ಅಜ್ಜನನ್ನು ಕೂಗಿ ಕರೆದಂತೆ. ಸಂಬೋಧನೆಯಾಯಿತು, ಕರ್ತೃ ಕಾಣೆಯಾದ. ನಿನ್ನ ಕಿವಿ ತಕರಾರು ತೆಗೆದದ್ದು ಇದಕ್ಕೆ. ಕನ್ನಡದಲ್ಲಿ ಹ್ರಸ್ವ ದೀರ್ಘ ಅಲಂಕಾರವಲ್ಲ, ಅರ್ಥ. “ಬಿಡು” ಎಳೆದರೆ “ಬೀಡು”, “ನಡು” ಎಳೆದರೆ “ನಾಡು”, “ಕೆರೆ” ಎಳೆದರೆ “ಕೇರೆ” ಹಾವು. ಹಾಡಿನಲ್ಲಿ ಎಳೆಯಬಾರದು ಎಂದಲ್ಲ. ಎಳೆಯುವ ಜಾಗವನ್ನು ದೀರ್ಘ ಸ್ವರವಿರುವ ಕಡೆ ಇಟ್ಟುಕೋ. ನಿನ್ನ “ದೂರ”, “ಊರ”, “ಸೀರೆ” ಎಲ್ಲವೂ ಮೊದಲ ಅಕ್ಷರದಲ್ಲಿ ಎಷ್ಟು ಎಳೆದರೂ ಕೆಡದ ಶಬ್ದಗಳು.

ಇನ್ನು ನೀನು ಎಡವುವ ಜಾಗ. “ಹಾಕುವೆವು” ಎಣಿಸು. ಐದು. ಒಂದು ಮಾತ್ರೆ ಜಾಸ್ತಿಯಾಯಿತು, ಕಾಲು ತೊಡರಿತು. “ಹಾಕುವೆ” ಎಂದರೆ ನಾಲ್ಕಾಗುತ್ತದೆ. ಮುಂದಿನ ಸಾಲಿನಲ್ಲಿ “ಏನು ಮಾಡಲಿ” ಎಂದು ಏಕವಚನವೂ ಇದೆ, ಅದಕ್ಕೂ ಹೊಂದುತ್ತದೆ.

ವಕೀಲೆ, ಧಾರವಾಡ:

ಹೆಸರಿನ ವಿಷಯಕ್ಕೆ ಮಾತ್ರ ಉತ್ತರಿಸುತ್ತೇನೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಹಾಡಿನ ಸಾಹಿತ್ಯ ಒಂದು ಕೃತಿ, ಅದರ ಸಂಗೀತ ಇನ್ನೊಂದು ಕೃತಿ. ಎರಡನ್ನೂ ನೀನೇ ಮಾಡಿದ್ದೀಯ, ಆದ್ದರಿಂದ ಎರಡೂ ನಿನ್ನವು. ಹಕ್ಕು ಬರಲು ನೋಂದಣಿ ಬೇಕಿಲ್ಲ. ಆ ನೋಟ್‌ಬುಕ್ಕಿನ ಪುಟಗಳನ್ನೂ ಮೊಬೈಲ್‌ನ ಹಳೆಯ ಧ್ವನಿಮುದ್ರಣಗಳನ್ನೂ ಅಳಿಸಬೇಡ. ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನು ಅದೇ ಕಾಯ್ದೆಯ 57ನೇ ಕಲಂ ಕೊಡುತ್ತದೆ, ಆದ್ದರಿಂದ ಇದರಲ್ಲಿ ದೊಡ್ಡಸ್ತಿಕೆಯ ಮಾತೇ ಇಲ್ಲ. “ಸಾಹಿತ್ಯ ಮತ್ತು ಸಂಯೋಜನೆ” ಎಂಬಲ್ಲಿ ನಿನ್ನ ಹೆಸರು, “ವಾದ್ಯ ಸಂಯೋಜನೆ” ಎಂಬಲ್ಲಿ ಅವರ ಹೆಸರು ಹಾಕಲು ಹೇಳು. ಅವರ ದುಡಿಮೆಗೂ ಹೆಸರು ಬೇಕಲ್ಲ. ಧ್ವನಿಮುದ್ರಣದ ಕಾಗದಕ್ಕೆ ಸಹಿ ಕೇಳಿದರೆ ನೀನು ಮಾಡಬೇಡ. 18 ತುಂಬುವವರೆಗೆ ಒಪ್ಪಂದ ಮಾಡಿಕೊಳ್ಳಲು 1872ರ ಕರಾರು ಕಾಯ್ದೆಯ ಪ್ರಕಾರ ನಿನಗೆ ಬರುವುದಿಲ್ಲ. ಕಾಗದವನ್ನು ಮನೆಗೆ ತಂದು ತಂದೆತಾಯಿಗೆ ಪೂರ್ತಿ ಓದಿಸು.

ತಬಲಾ, ಹಳೇ ಹುಬ್ಬಳ್ಳಿ:

ಮಾಸ್ತರರ ಲೆಕ್ಕ ನೋಡಿ ಎದ್ದು ತಬಲಾ ತೆಗೆದೆ. ತಂಗಿ, ಇದು ರೂಪಕ ತಾಳ. ಏಳು ಮಾತ್ರೆ, ಮೂರು ಎರಡು ಎರಡು ಎಂದು ಒಡೆಯುತ್ತದೆ: ತಿಂ ತಿಂ ನಾ, ಧಿಂ ನಾ, ಧಿಂ ನಾ. ಈಗ ನಿನ್ನ ಸಾಲನ್ನು ಇಡು. “ಅಜ್ಜ” ಎಂಬುದು ತಿಂ ತಿಂ ನಾ. “ಹೂ” ಎಂಬುದು ಧಿಂ ನಾ. “ಡಿದ” ಎಂಬುದು ಧಿಂ ನಾ.

ರೂಪಕದಲ್ಲಿ ಒಂದು ವಿಶೇಷ ಇದೆ. ಬೇರೆ ತಾಳಗಳಲ್ಲಿ ಸಮ್ ಬಂದಾಗ ಎಡಗೈ ಡಗ್ಗಾ ಗುಡುಗುತ್ತದೆ. ಇಲ್ಲಿ ಸಮ್ ಬೀಳುವುದೇ ಡಗ್ಗಾ ಗುಡುಗದ ಖಾಲಿಯಲ್ಲಿ. ಅಜ್ಜನ ಹೆಸರು ಹಗುರವಾಗಿ ಬರುತ್ತದೆ, “ಹೂ” ಎನ್ನುವಾಗ ಡಗ್ಗಾ ತೆರೆದುಕೊಳ್ಳುತ್ತದೆ. ನಾನು ನುಡಿಸಿಕೊಂಡು ಹತ್ತು ಸಲ ಹಾಡಿದೆ. ಮನೆಯವರು ಯಾರ ಹಾಡು ಎಂದು ಕೇಳಿದರು.

ಆದರೂ ತಾಲೀಮಿಗೆ ಹೋಗಿ “ರೂಪಕ ನುಡಿಸಿರಿ” ಎಂದು ಶುರು ಮಾಡಬೇಡ. ಮೊದಲು ಹಾಡಿ ತೋರಿಸು.

ಬೆಟಗೇರಿ ಹುಡುಗಿ:

ಕಾರ್ಯಕ್ರಮ ಮೊನ್ನೆ ಮುಗಿಯಿತು. ತಡವಾಗಿ ಬರೆಯುತ್ತಿದ್ದೇನೆ, ಕಿರುಪರೀಕ್ಷೆ ಇತ್ತು.

ಮಾಸ್ತರರ ಉತ್ತರ ಓದಿದ ಮರುದಿನ ಬೆಳಿಗ್ಗೆ ಮಗ್ಗದ ಪಕ್ಕ ಕೂತು ಎಣಿಸಿದೆ. ಕಾಲಿನ ಮೆಟ್ಟು, ಲಾಳಿ, ಹಲಗೆಯ ಬಡಿತ. ಒಂದು, ಎರಡು, ಮೂರು. ಲಾಳಿ ಮರಳಿ ಬರಬೇಕಾದರೆ ಅಜ್ಜ ಎಡಗಾಲನ್ನು ಒತ್ತಬೇಕು. ಮೊಣಕಾಲು ಮಡಚುವ ಮೊದಲು ಅವನು ಒಂದು ಕ್ಷಣ ತಡೆಯುತ್ತಾನೆ. ಒಂದು, ಎರಡು, ಮೂರು, ನಾಲ್ಕು. ಮತ್ತೆ ಬಲಗಾಲು, ಮೂರು. ಎಡಗಾಲು, ನಾಲ್ಕು. ಎಷ್ಟು ಹೊತ್ತು ಎಣಿಸಿದರೂ ಹಾಗೆಯೇ. ನಾನು ಆ ಸದ್ದಿನಲ್ಲಿ ನಾಲ್ಕು ವರ್ಷ ಓದಿದ್ದೇನೆ, ಅದರೊಳಗೆ ನೋವಿದೆ ಎಂದು ಗೊತ್ತಿರಲಿಲ್ಲ. ಅಜ್ಜನಿಗೆ ಹೇಳಲಿಲ್ಲ. ಅಮ್ಮನಿಗೆ ಹೇಳಿದೆ. ಮುಂದಿನ ವಾರ ಅವನನ್ನು ಮೂಳೆ ವೈದ್ಯರ ಬಳಿ ಕರೆದುಕೊಂಡು ಹೋಗುತ್ತಿದ್ದಾರೆ.

ಎರಡನೇ ತಾಲೀಮಿನಲ್ಲಿ ಹಳೇ ಹುಬ್ಬಳ್ಳಿಯ ಕಾಕಾ ಹೇಳಿಕೊಟ್ಟ ಮಾತನ್ನೇ ಹೇಳಿದೆ. ದನಿ ನಡುಗುತ್ತಿತ್ತು. “ಹಾಡವ್ವಾ” ಎಂದರು. ಚಪ್ಪಾಳೆ ಹಾಕಿಕೊಂಡು ಹಾಡಿದೆ. ತಬಲಾ ಕಾಕಾ ಕಣ್ಣು ಮುಚ್ಚಿ ಕೇಳುತ್ತಿದ್ದರು. ಎರಡನೇ ಸಾಲಿಗೆ ಅವರ ಬೆರಳುಗಳು ತೊಡೆಯ ಮೇಲೆ ಓಡಾಡಿದವು. ಹಾಡು ಮುಗಿಯುವ ಮೊದಲೇ ಹಾರ್ಮೋನಿಯಂ ಗುರುಗಳ ಕಡೆ ತಿರುಗಿ “ಏಳು ಇದೆ, ಮೊನ್ನೆ ನಾನು ಅವಸರ ಮಾಡಿದೆ” ಎಂದರು. ನನಗೆ ರೂಪಕ ಎಂಬ ಶಬ್ದವನ್ನು ಬಾಯಿಗೆ ತರುವ ಅಗತ್ಯವೇ ಬರಲಿಲ್ಲ.

ಶ್ರುತಿ ಬಿಳಿ ಐದು ಎಂದೆ. ಕೊಳಲಿನವರು ಚೀಲದಿಂದ ಬೇರೆ ಕೊಳಲು ತೆಗೆದರು, ಅಷ್ಟೇ. ರಿಷಭ “ದೂರ” ಎಂಬ ಶಬ್ದದ ಮೇಲೆ ಮಾತ್ರ ಬರುತ್ತದೆ ಎಂದು ಮನೆಯಲ್ಲೇ ನೋಡಿಕೊಂಡಿದ್ದೆ. ಗುರುಗಳು ಮೂರು ಸಲ ಹಾಡಿಸಿದರು, ಮೂರು ಸಲವೂ ಅಲ್ಲೇ ಬಂತು. “ಹಾಗಾದರೆ ಬೇರೆ ಎಲ್ಲೂ ನಾನು ರಿಷಭ ಮುಟ್ಟುವುದಿಲ್ಲ, ಅದು ನಿನಗೊಬ್ಬಳಿಗೇ ಇರಲಿ” ಎಂದರು. ಮನೆಗೆ ಬಂದು ಆ ಮಾತನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಎರಡನೇ ಹಾಡು ಮಳೆಯದು, ಅದಕ್ಕೆ ಕೆಹರವಾ ಸರಿಯಾಗಿಯೇ ಕೂತಿದೆ. ಅದರಲ್ಲಿ ಅವರು ಮಾಡಿದ ಬದಲಾವಣೆಗಳೆಲ್ಲ ನನ್ನದಕ್ಕಿಂತ ಚೆನ್ನಾಗಿವೆ.

ಮಾಸ್ತರರೇ, “ಹಾಕುವೆ” ಎಂದು ತಿದ್ದಲು ಹೋದೆ, ಆದರೆ ನಮ್ಮ ಮನೆಯಲ್ಲಿ ಎಳೆ ಕಡಿದರೆ ಕಟ್ಟುವವಳು ನಾನಲ್ಲ. ಸುಳ್ಳು ಹೇಳಿದಂತೆ ಆಗುತ್ತಿತ್ತು. ಎರಡು ದಿನ ಬೇರೆ ಬೇರೆ ಇಟ್ಟು ನೋಡಿ ಹೀಗೆ ಮಾಡಿದೆ, ಎಣಿಸಿದ್ದೇನೆ, ನಾಲ್ಕೇ ಇದೆ:

ನೂಲು ಕಡಿದರೆ ಅಜ್ಜಿ ಬೆಸೆವಳು
ಮಾತು ಕಡಿದರೆ ಏನು ಮಾಡಲಿ

ವೇದಿಕೆಯ ಮೇಲೆ ಒಂದು ತಪ್ಪು ಆಯಿತು. ಎದುರಿನ ಸ್ಪೀಕರ್‌ನಲ್ಲಿ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಕೊಳಲು ಮುಗಿದ ಮೇಲೆ ಚರಣ ಎತ್ತಿಕೊಳ್ಳಬೇಕಾದಲ್ಲಿ ಎತ್ತಲಿಲ್ಲ. ತಬಲಾ ಕಾಕಾ ನನ್ನ ಕಡೆ ನೋಡಲೂ ಇಲ್ಲ, ತಾಳದ ಇನ್ನೊಂದು ಸುತ್ತು ಹಾಗೆಯೇ ತಿರುಗಿಸಿದರು. ಕೊಳಲಿನವರು ಪಲ್ಲವಿಯ ಧಾಟಿಯನ್ನೇ ಮತ್ತೊಮ್ಮೆ ಮೆಲ್ಲಗೆ ನುಡಿಸಿ ನನ್ನ ಮೊದಲ ಸ್ವರದ ಮೇಲೆ ತಂದು ನಿಲ್ಲಿಸಿದರು. ನಾನು ಹೊಕ್ಕೆ. ಮೊದಲಿನಿಂದಲೂ ಹಾಗೆಯೇ ಇತ್ತೆಂದು ಕೇಳಿದವರು ತಿಳಿದರು. ಇಳಿದ ಮೇಲೆ ಇಬ್ಬರ ಕಾಲಿಗೂ ನಮಸ್ಕಾರ ಮಾಡಿದೆ. ಪತ್ರಿಕೆಯಲ್ಲಿ ಹೆಸರು ವಕೀಲೆ ಅಮ್ಮ ಹೇಳಿದ ಹಾಗೆಯೇ ಬಂದಿದೆ.

ಅಜ್ಜ ಮೊಬೈಲ್‌ನಲ್ಲಿ ಪೂರ್ತಿ ಕೇಳಿದ. “ಎರಡನೇ ಬಡಿತ ಸ್ವಲ್ಪ ಮುಂದಾಗುತ್ತದೆ” ಎಂದ. ಮತ್ತೊಮ್ಮೆ ಕೇಳಿದೆ, ನಿಜ. ಚರಣದಲ್ಲಿ ನಾನು ಓಡುತ್ತೇನೆ.

ಹೊಸದೊಂದು ಹಾಡಿನ ಎರಡು ಸಾಲು ಬಂದಿವೆ, ಬೆಳಿಗ್ಗೆ ನೆನಪಿನಲ್ಲೂ ಉಳಿದಿವೆ. ಮಾಸ್ತರರೇ, ಈಗಲೇ ಪ್ರಸ್ತಾರ ಹಾಕಲೇ ಅಥವಾ ಹಾಡು ಪೂರ್ತಿ ಬರುವವರೆಗೆ ಎಣಿಸದೆ ಇರಲೇ?

ನಿವೃತ್ತ ಕನ್ನಡ ಮಾಸ್ತರ, ಗದಗ:

“ಅಜ್ಜಿ ಬೆಸೆವಳು” ನನ್ನದಕ್ಕಿಂತ ಬಹಳ ಮೇಲು. ಈಗ ಎಣಿಸಬೇಡ. ಹಾಡು ಮುಗಿದ ಮೇಲೆ, ಎಡವುವ ಜಾಗ ಸಿಕ್ಕರೆ ಅಲ್ಲಿ ಮಾತ್ರ ಎಣಿಸು. ಆಮೇಲೆ ಇಲ್ಲಿ ಹಾಕು, ನಾನು ಕಾಯುತ್ತಿರುತ್ತೇನೆ.